ನಿಮ್ಮ ಮಗ ಯಾವ ಗೂಢಚಾರ ದಳದವನು?

ಶಿರಹಟ್ಟಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಒಂದು ಗಂಟೆ. ನೀರು ಕುಡಿಯಲೆಂದು ಎದ್ದ ತಾಯಿಗೆ ಮಗನ ಹೊದಿಕೆಯೊಳಗಿಂದ ಬೆಳಕು ಕಾಣುತ್ತದೆ. “ಇಷ್ಟೊತ್ತಿನ್ಯಾಗ ಏನ್ ಮಾಡಾಕತ್ತೀಯೋ?” ಎಂದರೆ “ಏನಿಲ್ಲ ಬೇ, ಅಭ್ಯಾಸ” ಎಂಬ ಉತ್ತರ ಬರುತ್ತದೆ. ತಾಯಿ ನಂಬಿ ಮಲಗುತ್ತಾಳೆ. ಆದರೆ ಹತ್ತನೆಯ ಇಯತ್ತೆಯ ಆ ಹುಡುಗ ಆಗ ಒಂದು ರಹಸ್ಯ ಗೂಢಚಾರ ದಳದ ಅಧಿಕಾರಿ! ಬೆಳಗಾಗುವುದರೊಳಗೆ ಎದುರಾಳಿ ದಳದ ಕಡತ ಕದಿಯಬೇಕಾಗಿದೆ. ಎಂದೂ ಮುಖ ನೋಡಿರದ ನಾಲ್ಕಾರು ಸಂಗಡಿಗರು ಅವನಿಗಾಗಿ ಕಾಯುತ್ತಿದ್ದಾರೆ.

ಇದು ಅಂತರ್ಜಾಲದಲ್ಲಿ ಹಲವರು ಕೂಡಿ ಆಡುವ ಪಾತ್ರಾಭಿನಯದ ಆಟ. ಇಂಥ ಆಟ ಒಳ್ಳೆಯದೋ ಕೆಟ್ಟದ್ದೋ? ಪಾಲಕರು ಯಾವಾಗ ಎಚ್ಚರಗೊಳ್ಳಬೇಕು? ಈ ವಾರ ಅದನ್ನೇ ವಿಚಾರ ಮಾಡೋಣ.

ಆಟದ ಹಿನ್ನೆಲೆ

ಗೂಢಚಾರರ ಆಟ ನಮಗೆ ಹೊಸದೇನೂ ಅಲ್ಲ. ಚೀಟಿ ಎಸೆದು ಆಡುವ ರಾಜ-ರಾಣಿ-ಕಳ್ಳ-ಪೊಲೀಸ್ ಆಟದಲ್ಲಿ ನೀವೂ ಮುಖಭಾವ ಮುಚ್ಚಿಟ್ಟುಕೊಂಡು ಕುಳಿತಿದ್ದವರೇ. 1986ರಲ್ಲಿ ಮಾಸ್ಕೋದ ಮನಃಶಾಸ್ತ್ರ ವಿದ್ಯಾರ್ಥಿಯೊಬ್ಬ ರೂಪಿಸಿದ ‘ಮಾಫಿಯಾ’ ಆಟದ ತಿರುಳೂ ಅದೇ: ಗುಂಪಿನೊಳಗೆ ಅಡಗಿದ ವೈರಿಯನ್ನು ಮಾತಿನಿಂದ ಪತ್ತೆ ಹಚ್ಚುವುದು. 2018ರಲ್ಲಿ ಬಂದು 2020ರ ಲಾಕ್‌ಡೌನ್ ಕಾಲದಲ್ಲಿ ಮನೆಮಾತಾದ ‘ಅಮಾಂಗ್ ಅಸ್’ ಅದರದೇ ಮೊಬೈಲ್ ಸಂತಾನ.

ಹಲವರು ದೂರದೂರ ಕುಳಿತು ಒಂದೇ ಕಲ್ಪಿತ ಲೋಕದಲ್ಲಿ ಪಾತ್ರ ವಹಿಸುವ ಕಂಪ್ಯೂಟರ್ ಆಟ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 2003ರಲ್ಲಿ ಐಸ್‌ಲ್ಯಾಂಡಿನ ಕಂಪನಿಯೊಂದು ಹೊರತಂದ ‘ಈವ್ ಆನ್‌ಲೈನ್’ ಆಟದಲ್ಲಂತೂ ಬೇಹುಗಾರಿಕೆಗೆ ನಿಯಮಗಳ ಅಡ್ಡಿಯೇ ಇಲ್ಲ. 2005ರಲ್ಲಿ ಒಂದು ತಂಡದವರು ಎದುರಾಳಿ ಸಂಘಕ್ಕೆ ಸೇರಿ, ಸುಮಾರು ಒಂದು ವರ್ಷ ನಂಬಿಕಸ್ಥರಂತೆ ನಟಿಸಿ, ಕೊನೆಗೆ ಒಮ್ಮೆಲೇ ಅದರ ಖಜಾನೆ ಬರಿದು ಮಾಡಿದರು. ಒಂದು ಆಟಕ್ಕಾಗಿ ಒಂದು ವರ್ಷದ ನಟನೆ! ಇದರ ಸೆಳೆತ ಎಂಥದ್ದೆಂಬುದು ಇದರಿಂದಲೇ ತಿಳಿಯುತ್ತದೆ.

ಏಕೆ ಇಷ್ಟು ಸೆಳೆತ?

ಹದಿಹರೆಯವೆಂದರೆ ‘ನಾನು ಯಾರು?’ ಎಂದು ಹುಡುಕುವ ವಯಸ್ಸು. ತರಗತಿಯಲ್ಲಿ ಹಿಂದಿನ ಬೆಂಚಿನವನು ಆಟದಲ್ಲಿ ದಳಪತಿಯಾಗಬಹುದು. ತಂದೆತಾಯಿಗಳಿಗೆ ತಿಳಿಯದ ಒಂದು ಗುಟ್ಟು ತನ್ನದಾಗಿರುವುದೂ ಆ ವಯಸ್ಸಿಗೆ ದೊಡ್ಡ ಸುಖ. ಇದು ರೋಗವಲ್ಲ, ಬೆಳವಣಿಗೆಯ ಒಂದು ಹಂತ. ಮಿತಿಯಲ್ಲಿದ್ದರೆ ಇಂಥ ಆಟದಿಂದ ಭಾಷೆ, ಯೋಜನೆ, ಕೂಡಿ ದುಡಿಯುವ ಗುಣಗಳಿಗೆ ಅಭ್ಯಾಸ ಸಿಗುತ್ತದೆ.

ಆದರೆ ಒಬ್ಬನೇ ಆಡುವ ಆಟಕ್ಕಿಂತ ಇದನ್ನು ನಿಲ್ಲಿಸುವುದು ಕಷ್ಟ. ಕಾರಣಗಳು ಮೂರು. ಒಂದು, ನೀವು ಮಲಗಿದರೂ ಆ ಲೋಕ ಮಲಗುವುದಿಲ್ಲ. ಎದುರಾಳಿ ದಳ ಕೆಲಸ ನಡೆಸಿಯೇ ಇರುತ್ತದೆ. ಎರಡು, ನಡುವೆ ಎದ್ದುಹೋದರೆ ಸಂಗಡಿಗರಿಗೆ ದ್ರೋಹ ಬಗೆದಂತೆ ಅನಿಸುತ್ತದೆ. ಮೂರು, ಬಹುಮಾನ ಯಾವಾಗ ಸಿಗುತ್ತದೆಂದು ಗೊತ್ತಿರುವುದಿಲ್ಲ. ಹೀಗೆ ಅನಿಶ್ಚಿತವಾಗಿ ಸಿಗುವ ಬಹುಮಾನಕ್ಕೆ ಮೆದುಳು ಬೇಗ ಒಗ್ಗಿಕೊಳ್ಳುತ್ತದೆ.

ನಮ್ಮ ಭಾಗದ ದೊಡ್ಡಾಟದಲ್ಲಿಯೂ ರಾತ್ರಿಯಿಡೀ ಪಾತ್ರ ನಡೆಯುತ್ತದೆ. ಆದರೆ ಬೆಳಗಾದೊಡನೆ ರಕ್ಕಸನ ಪಾತ್ರದವನು ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ಮೊಬೈಲಿನ ಪಾತ್ರಕ್ಕೆ ಬಣ್ಣ ತೊಳೆಯುವ ಹೊತ್ತು ಎಂಬುದೇ ಇಲ್ಲ. ಆಟದಲ್ಲಿ ಯಾರನ್ನೂ ನಂಬದ ಗೂಢಚಾರ ಊಟದ ಹೊತ್ತಿಗೂ ಗೂಢಚಾರನಾಗಿಯೇ ಉಳಿಯತೊಡಗಿದರೆ ಮನೆಯವರ ಸಾಮಾನ್ಯ ಪ್ರಶ್ನೆಯೂ ಅವನಿಗೆ ವಿಚಾರಣೆಯಂತೆ ಕೇಳಿಸುತ್ತದೆ.

ದೇಹದ ಮೇಲೆ ಪರಿಣಾಮ

ಮೊದಲ ಪೆಟ್ಟು ನಿದ್ರೆಗೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಕತ್ತಲಾದಂತೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಿ ನಿದ್ರೆಯ ಸೂಚನೆ ಕೊಡುತ್ತದೆ. ಕಣ್ಣಿನೆದುರಿನ ಬೆಳಕು ಈ ಸೂಚನೆಯನ್ನು ತಡಮಾಡುತ್ತದೆ. ಆಟದ ಉದ್ವೇಗವೂ ಮನಸ್ಸನ್ನು ಎಚ್ಚರವಾಗಿಡುತ್ತದೆ. ಮರುದಿನ ತಲೆನೋವು, ಸಿಡುಕು, ಮರೆವು ಕಾಣುತ್ತವೆ. ಓದಿದ್ದು ತಲೆಯಲ್ಲಿ ನೆಲೆಗೊಳ್ಳಲು ನಿದ್ರೆ ಅವಶ್ಯವಾದ್ದರಿಂದ ಅಂಕಗಳೂ ಇಳಿಯುತ್ತವೆ.

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಸುಲಭ ಉಪಾಯ. ಕುತ್ತಿಗೆ ಬಗ್ಗಿಸಿ ಕೂಡುವುದರಿಂದ ಕುತ್ತಿಗೆ, ಹೆಗಲು, ಹೆಬ್ಬೆರಳುಗಳಲ್ಲಿ ನೋವು ಬರುತ್ತದೆ.

ಗುಟ್ಟಿನ ಅಪಾಯ

ಈ ಆಟಕ್ಕೆ ವಿಶೇಷವಾದ ಅಪಾಯವೆಂದರೆ ಗುಟ್ಟು. ‘ದಳದ ವಿಷಯ ಮನೆಯಲ್ಲಿ ಹೇಳಬೇಡ’ ಎಂಬುದು ಆಟದೊಳಗೆ ಕೇವಲ ನಿಯಮ. ಆದರೆ ಕೆಟ್ಟ ಉದ್ದೇಶದ ವಯಸ್ಕನಿಗೆ ಇದೇ ಬಾಗಿಲು. ನಂಬಿಕೆಯ ಪರೀಕ್ಷೆಯೆಂದು ಅವನು ಮೊದಲು ಊರು, ಶಾಲೆ ಕೇಳುತ್ತಾನೆ. ಬಳಿಕ ಭಾವಚಿತ್ರ, ತಂದೆಯ ಫೋನಿಗೆ ಬಂದ ಓಟಿಪಿ ಕೇಳಬಹುದು. ಗುಟ್ಟು ಕಾಯುವುದೇ ಶೌರ್ಯವೆಂದು ನಂಬಿದ ಮಗು ಹೆದರಿದಾಗಲೂ ಬಾಯಿ ಬಿಡುವುದಿಲ್ಲ.

ಆದ್ದರಿಂದ ಮಗುವಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿಕೊಡಿ: ಪಾತ್ರದ ಗುಟ್ಟು ಪಾತ್ರದ್ದು, ಮೈಮನಸ್ಸಿನ ಗುಟ್ಟು ಮನೆಯದು. ಆಟದಲ್ಲಿ ಕದ್ದ ಕಡತದ ವಿಷಯ ಮುಚ್ಚಿಟ್ಟರೆ ಅಡ್ಡಿಯಿಲ್ಲ. ಆದರೆ ಹೆಸರು, ವಿಳಾಸ, ಚಿತ್ರ, ಹಣ ಇವುಗಳನ್ನು ಯಾರು ಕೇಳಿದರೂ ಮನೆಯಲ್ಲಿ ತಿಳಿಸಬೇಕು. ತಿಳಿಸಿದರೆ ಬೈಗುಳವಾಗಲಿ ಏಟಾಗಲಿ ಇಲ್ಲ. ಆಮೇಲೆ ಈ ಮಾತನ್ನು ನೀವೂ ಉಳಿಸಿಕೊಳ್ಳಬೇಕು.

ಕಾಯಿಲೆ ಎನ್ನುವುದು ಯಾವಾಗ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಪರಿಷ್ಕರಣೆಗೆ 2019ರಲ್ಲಿ ಒಪ್ಪಿಗೆ ದೊರೆತು, 2022ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಅದರ ಲಕ್ಷಣಗಳು ಮೂರು:

1. ಆಟ ಯಾವಾಗ ಆರಂಭಿಸಬೇಕು, ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂಬ ಹಿಡಿತ ತಪ್ಪುವುದು.
2. ಊಟ, ನಿದ್ರೆ, ಓದು, ಗೆಳೆತನಗಳಿಗಿಂತ ಆಟವೇ ಮುಖ್ಯವಾಗುವುದು.
3. ಹಾನಿಯಾಗುತ್ತಿದ್ದರೂ ಆಟ ಮುಂದುವರಿಸುವುದು.

ಇವುಗಳಿಂದ ದಿನನಿತ್ಯದ ಬದುಕು ಗಣನೀಯವಾಗಿ ಕೆಟ್ಟಿರಬೇಕು. ಸಾಮಾನ್ಯವಾಗಿ 12 ತಿಂಗಳು ಹೀಗೆ ನಡೆದಿರಬೇಕು. ತೀವ್ರವಾಗಿದ್ದರೆ ಅಷ್ಟು ಕಾಯಬೇಕಿಲ್ಲ. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಾತ್ರಕ್ಕೆ ಮಗುವಿಗೆ ರೋಗಿಯ ಹಣೆಪಟ್ಟಿ ಹಚ್ಚಬೇಡಿ. ಕೆಲವೊಮ್ಮೆ ಖಿನ್ನತೆ, ಆತಂಕ ಅಥವಾ ಶಾಲೆಯಲ್ಲಿನ ಕಿರುಕುಳ ಮೊದಲು ಬಂದಿದ್ದು, ಆಟ ಅದರಿಂದ ಅಡಗಿಕೊಳ್ಳುವ ತಾಣವಾಗಿರುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ಮೊಬೈಲ್ ಕಸಿದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರೆ ಹುಡುಗ ಗೆಳೆಯನ ಮೊಬೈಲಿನಲ್ಲಿ ಆಡುತ್ತಾನೆ. ಕದ್ದು ಅವನ ಸಂದೇಶ ಓದಿದರೆ ನೀವೇ ಎದುರಾಳಿ ಗೂಢಚಾರರಾಗುತ್ತೀರಿ! ಬದಲಿಗೆ ಒಂದು ದಿನ ಪಕ್ಕದಲ್ಲಿ ಕುಳಿತು “ನಿನ್ನ ದಳದ ಹೆಸರೇನು? ನಿನ್ನ ಪಾತ್ರ ಏನು?” ಎಂದು ಕೇಳಿ. ಅವನು ಉತ್ಸಾಹದಿಂದ ಹೇಳುತ್ತಾನೆ. ಹೇಳಲು ಹಿಂಜರಿದರೆ ಅಥವಾ ಹೆದರಿದರೆ ಅದೇ ನಿಮಗೆ ಸೂಚನೆ.

ಆಟದ ಹೊತ್ತನ್ನು ಕೂಡಿ ಗೊತ್ತುಮಾಡಿ. ಅವಧಿ ಮುಗಿಯುವ ಮೊದಲೇ ಸಂಗಡಿಗರಿಗೆ ತಿಳಿಸಲು ಹೇಳಿ; ಆಗ ದ್ರೋಹದ ಭಾವ ಇರುವುದಿಲ್ಲ. ಮಲಗುವ ಒಂದು ಗಂಟೆ ಮೊದಲು ಮನೆಮಂದಿಯ ಮೊಬೈಲ್‌ಗಳೆಲ್ಲ ಪಡಸಾಲೆಯಲ್ಲಿರಲಿ. ಈ ನಿಯಮ ತಂದೆಗೂ ಅನ್ವಯಿಸುತ್ತದೆ!

ಬೇಹುಗಾರಿಕೆಯ ಹುಮ್ಮಸ್ಸನ್ನು ಹೊರಗೂ ತಿರುಗಿಸಬಹುದು. ಚಳಿಗಾಲದಲ್ಲಿ ನಮ್ಮ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಗನ ಕೈಗೆ ದುರ್ಬೀನು, ನೋಟುಬುಕ್ಕು ಕೊಟ್ಟು ಬೆಳಗಿನ ಜಾವ ಕರೆದೊಯ್ಯಿರಿ. ಸದ್ದಿಲ್ಲದೆ ಕಾಯುವುದು, ಗಮನಿಸುವುದು, ಬರೆದಿಡುವುದು ಗೂಢಚಾರನ ಕೆಲಸವೇ. ಕಣ್ಣಿಗೂ ಕಾಲಿಗೂ ಹಿತ.

ಇಷ್ಟಾದರೂ ಶಾಲೆ ತಪ್ಪಿಸುವುದು, ಊಟ ಬಿಡುವುದು, ಮೊಬೈಲ್ ಕೊಡದಿದ್ದರೆ ಕೈಮಾಡುವುದು ಕಂಡುಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಸಾಯುವ ಮಾತು ಆಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗಾಗಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ಆರಂಭಿಸಿತು. ದೂರ ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಲಭ್ಯ. ಮಕ್ಕಳಿಗೆ ಕಿರುಕುಳವಾಗಿದ್ದರೆ 1098, ಹಣ ಕಳೆದಿದ್ದರೆ 1930.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನೋ ಮಗಳನ್ನೋ ಒಮ್ಮೆ ಕೇಳಿ: “ನಿಮ್ಮ ದಳ ಗೆದ್ದಿತೇ?” ಚಿಕಿತ್ಸೆಯ ಮೊದಲ ಹೆಜ್ಜೆ ಬಹುತೇಕ ಅಲ್ಲಿಂದಲೇ ಆರಂಭವಾಗುತ್ತದೆ.