ಅಟ್ಟ ಹತ್ತುವ ದೇವರು

ಧಾರವಾಡದ ಹೆಬ್ಬಳ್ಳಿ ಅಗಸಿ ದಾಟಿ ಪೂರ್ವಕ್ಕೆ ಹೊರಟರೆ ಎರಿ ಹೊಲದ ಊರುಗಳು ಸಾಲಾಗಿ ಸಿಗುತ್ತವೆ. ಇಲ್ಲಿಂದ ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿಯವರೆಗೂ ಹಬ್ಬಿರುವ ಈ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ, ಜಾತ್ರೆಗೋ ಯುಗಾದಿಗೋ, ದೇವರು ಅಟ್ಟ ಹತ್ತುವ ವಾಡಿಕೆ ಹಳೆಯದು. ಕಂಬ ಹುಗಿದು, ಹಲಗೆ ಹಾಸಿ ಎತ್ತರದ ಅಟ್ಟ ಕಟ್ಟುತ್ತಾರೆ. ಹಗಲು ಹೊಲದಲ್ಲಿ ಕಳೆದವನು ರಾತ್ರಿ ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿಕೊಂಡು ಇಂದ್ರನಾಗುತ್ತಾನೆ, ವೀರಭದ್ರನಾಗುತ್ತಾನೆ. ಇದು ದೊಡ್ಡಾಟ. ಬೆಳಗಾಗುವವರೆಗೆ ನಡೆಯುವ ಈ ಆಟವನ್ನು ನಾವು ಜನಪದ ರಂಗಭೂಮಿ ಎಂದು ಪಠ್ಯಪುಸ್ತಕದಲ್ಲಿ ಓದಿ ಬಿಟ್ಟಿದ್ದೇವೆ. ಹೊಸ ತಲೆಮಾರಿನ ಒಂದು ಹವ್ಯಾಸದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದಾಗ ಇದರ ಒಳಗಿರುವ ವಿದ್ಯೆ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಆ ಹವ್ಯಾಸ, ಪಾತ್ರ ತಾಳಿ ಆಡುವ ಕಲ್ಪನಾಲೋಕದ ಆಟಗಳದ್ದು. ಗೆಳೆಯರು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಯೋಧನೋ ಮಾಂತ್ರಿಕನೋ ಆಗಿ, ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾ ಹೋಗುತ್ತಾರೆ. ಗೆಲುವು ಸೋಲನ್ನು ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲ. ಎರಡೇ ವರ್ಷದಲ್ಲಿ, 1976ರಲ್ಲಿ, ಲೋಕದ ನಾನಾ ಪುರಾಣಗಳ ದೇವರುಗಳನ್ನು ಈ ಆಟಕ್ಕೆ ಒಗ್ಗಿಸುವ ಪುರವಣಿ ಪುಸ್ತಕ ಬಂತು. 1980ರಲ್ಲಿ ಅದರ ದೊಡ್ಡ ರೂಪ ಬಂದಾಗ ಗ್ರೀಸ್, ಈಜಿಪ್ಟಿನ ದೇವರುಗಳ ಜೊತೆಗೆ ನಮ್ಮ ಇಂದ್ರ, ಅಗ್ನಿ, ವರುಣ, ಯಮರಿಗೂ ಒಂದು ಅಧ್ಯಾಯ ಇತ್ತು. ಪ್ರತಿ ದೇವರಿಗೂ ಕವಚದ ಅಂಕ ಇಷ್ಟು, ಪ್ರಾಣದ ಅಂಕ ಇಷ್ಟು ಎಂದು ಪಟ್ಟಿ. ಮೊದಲ ಪುಸ್ತಕದ ಸಂಪಾದಕರ ಉದ್ದೇಶ ಒಳ್ಳೆಯದೇ ಆಗಿತ್ತು. ಆಟಗಾರರಿಗೆ ಮಿತಿಯಿಲ್ಲದೆ ಬಲ ಹಂಚುತ್ತಿದ್ದವರಿಗೆ ದೇವರ ಬಲವನ್ನೇ ಅಂಕಿಯಲ್ಲಿ ತೋರಿಸಿ, ಅವರ ಆಟ ಎಷ್ಟು ಹುಚ್ಚಾಟ ಎಂದು ಮನಗಾಣಿಸಬೇಕೆಂದಿದ್ದರು. ಆದರೆ ಪ್ರಾಣದ ಅಂಕ ಬರೆದಿಟ್ಟ ಮೇಲೆ ದೇವರೂ ಹೊಡೆದು ಕೆಡವಬಹುದಾದ ಇನ್ನೊಂದು ಪ್ರಾಣಿಯಾಗುತ್ತಾನೆ. ಇಂದ್ರನನ್ನು ಅಂಕಿಗೆ ಇಳಿಸಿದಾಗ ಇಂದ್ರತ್ವ ಏನಿತ್ತೋ ಅದು ಹೋಗಿಬಿಡುತ್ತದೆ.

ಈಗ ನಮ್ಮ ಅಟ್ಟದ ಕಡೆ ಬನ್ನಿ. ಗಣಪತಿ ಸ್ತುತಿ, ಶಾರದೆಯ ಸ್ತುತಿ ಆದ ಮೇಲೆ ಪಾತ್ರಗಳು ಒಂದೊಂದಾಗಿ ಪರದೆಯ ಹಿಂದೆ ಕುಣಿದು ಹೊರಬರುತ್ತವೆ. ಬಂದ ಪಾತ್ರ ನೇರವಾಗಿ ಕಥೆಗೆ ಹೋಗುವಂತಿಲ್ಲ. ಸಾರಥಿ ಎದುರು ನಿಂತು ವಿಚಾರಿಸುತ್ತಾನೆ: ತಾವು ಯಾರು, ಯಾವ ಪಟ್ಟಣದವರು, ಯಾರ ಮಗ, ಯಾರ ತಮ್ಮ, ಈ ಸಭೆಗೆ ಬಂದ ಕಾರಣವೇನು? ಅರಸನಾದರೂ ರಾಕ್ಷಸನಾದರೂ ದೇವರಾದರೂ ಸಾರಥಿಗೆ ಉತ್ತರ ಕೊಡಲೇಬೇಕು. ಮೇಜಿನ ಆಟದವರು ಆಟಕ್ಕೆ ಮುನ್ನ ತುಂಬುವ ಪಾತ್ರದ ಹಾಳೆ ಇದೇ. ಅವರ ಹಾಳೆಯ ಬಹುಪಾಲನ್ನು ಅಂಕಿಗಳು ತುಂಬಿದರೆ, ಇಲ್ಲಿ ಪಾತ್ರ ತನ್ನ ಊರು, ಸಂಬಂಧ, ಹಗೆ, ಋಣಗಳಿಂದ ತನ್ನನ್ನು ಗುರುತಿಸಿಕೊಳ್ಳುತ್ತದೆ. ಕಥೆ ನಡೆಸುವವರೂ ಇಲ್ಲಿದ್ದಾರೆ: ತಿಂಗಳುಗಟ್ಟಲೆ ತಾಲೀಮು ಮಾಡಿಸಿ, ಯಾರ ಗಂಟಲಿಗೆ ಯಾವ ಪಾತ್ರ ಹೊಂದುತ್ತದೆಂದು ನೋಡಿ ಹಂಚುವ ಆಟದ ಮಾಸ್ತರ, ರಾತ್ರಿಯಿಡೀ ಹಿಮ್ಮೇಳದೊಂದಿಗೆ ಪದ ಹಾಡಿ ಕಥೆಯನ್ನು ಮುಂದಕ್ಕೊಯ್ಯುವ ಭಾಗವತ.

ದೇವರನ್ನು ಆಟಕ್ಕೆ ತರುವ ವಿದ್ಯೆಯ ತಿರುಳು ನನಗೆ ಕಂಡದ್ದು ಕರ್ಣಪರ್ವದ ಆಟದಲ್ಲಿ. ಕರ್ಣನ ಬಲ ಎಷ್ಟೆಂದು ಯಾರೂ ಅಳೆಯುವುದಿಲ್ಲ. ಅವನನ್ನು ಕಟ್ಟಿಹಾಕಿದ ನಿಯಮಗಳೇ ಅವನ ಪಾತ್ರ. ಹುಟ್ಟಿನಿಂದ ಬಂದ ಕವಚಕುಂಡಲ ಇರುವವರೆಗೆ ಅವನಿಗೆ ಸಾವಿಲ್ಲ, ಆದರೆ ಕೇಳಿದವರಿಗೆ ಇಲ್ಲವೆನ್ನದ ವ್ರತ ಅವನದು. ಇಂದ್ರ ಬ್ರಾಹ್ಮಣನಾಗಿ ಬಂದು ಕೇಳಿಯೇಬಿಟ್ಟ. ಬದಲಿಗೆ ಸಿಕ್ಕ ಶಕ್ತ್ಯಾಯುಧ ಒಂದೇ ಸಲಕ್ಕೆ; ಅದು ಘಟೋತ್ಕಚನಿಗೆ ಖರ್ಚಾಯಿತು. ಕಲಿತ ಮಂತ್ರ ಬೇಕಾದ ಗಳಿಗೆಯಲ್ಲೇ ಮರೆತುಹೋಗಲಿ ಎಂದು ಪರಶುರಾಮನ ಶಾಪ, ರಥದ ಗಾಲಿಯನ್ನು ಭೂಮಿ ನುಂಗಲಿ ಎಂದು ಬ್ರಾಹ್ಮಣನ ಶಾಪ. ತೊಟ್ಟ ಬಾಣವನ್ನು ಮತ್ತೆ ತೊಡೆನೆಂದು ಕುಂತಿಗೆ ಕೊಟ್ಟ ಮಾತು ಇನ್ನೊಂದು. ಅಟ್ಟದ ಕೆಳಗೆ ಕೂತ ಮಂದಿಗೆ ಈ ಕಟ್ಟುಗಳೆಲ್ಲ ಮೊದಲೇ ಗೊತ್ತು. ಒಂದೊಂದು ಕಟ್ಟೂ ಯಾವಾಗ, ಯಾರ ಕೈಯಿಂದ ಬಿಗಿಯುತ್ತದೆ ಎಂಬುದಕ್ಕಾಗಿ ಅವರು ನಿದ್ದೆಗೆಟ್ಟು ಕಾಯುತ್ತಾರೆ.

ನಮ್ಮ ಪುರಾಣದಲ್ಲಿ ವರ ಎಂಬುದೇ ಆಟದ ನಿಯಮ. ಹಿರಣ್ಯಕಶಿಪು ಕೇಳಿದ್ದು ಎಂಥ ವರ! ಹಗಲೂ ಅಲ್ಲದ ರಾತ್ರಿಯೂ ಅಲ್ಲದ, ಒಳಗೂ ಅಲ್ಲದ ಹೊರಗೂ ಅಲ್ಲದ ಸಂದು ಹುಡುಕಿದ ಮೇಲೆಯೇ ನರಸಿಂಹ ಕಂಬದಿಂದ ಬಂದ. ವಿಷ್ಣು ವರವನ್ನು ಮುರಿಯಲಿಲ್ಲ. ವರದ ಮಾತಿನ ಒಳಗೇ ದಾರಿ ಮಾಡಿಕೊಂಡ. ಭಸ್ಮಾಸುರನಿಗೆ ವರ ಕೊಟ್ಟ ಶಿವ ಅದನ್ನು ಹಿಂದಕ್ಕೆ ಪಡೆಯಲಾರದೆ ತಾನೇ ಓಡಬೇಕಾಯಿತು. ಎದುರಾಳಿಯ ಅರ್ಧ ಬಲ ವಾಲಿಗೆ ಬರುತ್ತದೆಂದು ರಾಮ ಮರೆಯಲ್ಲಿ ನಿಂತ. ಕೊಟ್ಟ ಮಾತಿಗೆ ಕೊಟ್ಟವನೇ ಸಿಕ್ಕಿಬೀಳುವ ಈ ಲೋಕದಲ್ಲಿ ಅತಿ ಬಲಶಾಲಿಯೂ ಆಟದ ಹೊರಗಿಲ್ಲ. ಇದಕ್ಕಿಂತ ಒಳ್ಳೆಯ ನಿಯಮಪುಸ್ತಕವನ್ನು ಯಾವ ಆಟ ಕಟ್ಟುವವನೂ ಹೊಸದಾಗಿ ಬರೆಯಲಾರ ಎಂದೇ ನನ್ನ ನಂಬಿಕೆ.

ಇದೇ ತಿಳಿವಳಿಕೆ ನಮ್ಮ ಗಂಜೀಫಾ ಎಲೆಗಳಲ್ಲೂ ಇದೆ. ಬಾಬರನ ಆತ್ಮಕಥೆಯಲ್ಲಿ 1527ರಲ್ಲೇ ಗಂಜೀಫಾದ ಉಲ್ಲೇಖವಿದೆ. ಮೊಘಲರ ಆಟದಲ್ಲಿ ಎಂಟು ಬಣ್ಣ, 96 ಎಲೆ. ಅದು ನಮ್ಮ ನೆಲದಲ್ಲಿ ದಶಾವತಾರವಾಗಿ ಮೈತಾಳಿತು: ಹತ್ತು ಅವತಾರಕ್ಕೆ ಹತ್ತು ಬಣ್ಣ, ಒಂದೊಂದಕ್ಕೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರ ಎಲೆಗಳು, ಒಟ್ಟು 120 ದುಂಡನೆಯ ಎಲೆಗಳು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ಹಗಲು ಆಡಿದರೆ ರಾಮನ ರಾಜನಿದ್ದವನು ಆಟ ತೆಗೆಯಬೇಕು, ರಾತ್ರಿ ಆಡಿದರೆ ಕೃಷ್ಣನ ರಾಜನಿದ್ದವನು. ಹೊತ್ತು ನೋಡಿ ದೇವರು ಮುಂದಾಗುತ್ತಾನೆ! ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಈ ಎಲೆಗಳನ್ನು ಇಂದಿಗೂ ಕೈಯಲ್ಲೇ ಬರೆಯುತ್ತಾರೆ. ಇನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಳ್ವಿಕೆ ಕಸಿದುಕೊಂಡ ಮೇಲೆ ಕಲೆ, ಸಾಹಿತ್ಯ, ಆಟಗಳಲ್ಲಿ ಮುಳುಗಿದ ಈ ಅರಸರು ಚದ್ ಎಂಬ ಹೆಸರಿನ ಎಲೆಯಾಟಗಳ ಸರಣಿಯನ್ನೇ ರೂಪಿಸಿದರು. ಚಾಮುಂಡೇಶ್ವರಿ ಚದ್‌ನಲ್ಲಿ 320 ಎಲೆ, ನವಗ್ರಹ ಚದ್‌ನಲ್ಲಿ 216. ಅವುಗಳ ವಿವರ ಅವರದೇ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿದೆ. ದೇವರ ರೂಪ, ಬಣ್ಣ, ಆಯುಧ, ವಾಹನಗಳನ್ನು ವಿವರಿಸುವ ಅದೇ ಗ್ರಂಥದಲ್ಲಿ ಆಟಕ್ಕೂ ಜಾಗ ಸಿಕ್ಕಿತು ಎಂಬುದು ಗಮನಿಸಬೇಕಾದ ಸಂಗತಿ. ದೇವರೊಡನೆ ಆಡುವುದು ಅಪಚಾರವೆಂದು ಆ ಭಕ್ತ ಅರಸರಿಗೆ ತೋರಲಿಲ್ಲ.

ಲೋಕಗಳ ಮಾತಿಗೆ ಬಂದರೆ ದೊಡ್ಡಾಟದ ಜಾಣ್ಮೆ ಇನ್ನೂ ದೊಡ್ಡದು. ಅಟ್ಟದ ಮೇಲೆ ಇರುವುದು ಒಂದೆರಡು ಕುರ್ಚಿ. ಒಂದು ಸುತ್ತು ಕುಣಿದರೆ ಭೂಲೋಕದಿಂದ ಕೈಲಾಸ. ಯಾರು ಕೂತಿದ್ದಾರೆ, ಯಾರು ಅಪ್ಪಣೆ ಬೇಡಿ ನಿಂತಿದ್ದಾರೆ ಎಂಬುದರಿಂದಲೇ ಅದು ಇಂದ್ರನ ಸಭೆಯೋ ಯಮನದೋ ಎಂದು ತಿಳಿಯುತ್ತದೆ. ಲೋಕವೆಂದರೆ ಅಲ್ಲಿನ ಕಟ್ಟಳೆ. ಚಿನ್ನದ ಗೋಪುರ ಬರೆಯಲು ಲಕ್ಷಗಟ್ಟಲೆ ಸುರಿಯುವ ಗಣಕದ ಆಟಗಳು ಕಟ್ಟಳೆಯನ್ನು ಮರೆತಾಗ ಸ್ವರ್ಗವೂ ಬರೀ ಹಿನ್ನೆಲೆಯ ಚಿತ್ರವಾಗುತ್ತದೆ.

ಬೆಳಗಾವಿ ಜಿಲ್ಲೆಯ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ ‘ಶ್ರೀಕೃಷ್ಣ ಪಾರಿಜಾತ’ವನ್ನೂ ಇಲ್ಲಿ ನೆನೆಯಬೇಕು. ನಾರದ ತಂದ ಸ್ವರ್ಗದ ಒಂದು ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ದ್ವಾರಕೆಯ ಮನೆ ಹೊತ್ತಿ ಉರಿಯುತ್ತದೆ. ಲೋಕಪಾಲಕನಾದ ಕೃಷ್ಣ ಇಬ್ಬರು ಹೆಂಡಿರ ನಡುವೆ ಸಿಕ್ಕು ಬಡಬಡಿಸುವಾಗ ಅವನು ಆಡುವುದು ಗೋಕಾಕ ಸೀಮೆಯ ಕನ್ನಡ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಈ ಆಟವನ್ನು ಊರೂರಿಗೆ ಒಯ್ದರು. ಇಲ್ಲಿ ಕೃಷ್ಣನನ್ನು ನೋಡಿ ಮಂದಿ ನಗುತ್ತಾರೆ, ಆಟ ಮುಗಿದ ಮೇಲೆ ಅವನಿಗೇ ಆರತಿ. ಸಲಿಗೆ ಮತ್ತು ಭಕ್ತಿ ಎರಡೂ ಒಂದೇ ಅಟ್ಟದ ಮೇಲೆ ನಿಲ್ಲುತ್ತವೆ, ಏಕೆಂದರೆ ಆಡುವವರೂ ನೋಡುವವರೂ ಆ ದೇವರ ಮನೆಯವರೇ.

ಹೊರಗಿನವರಿಗೆ ಎಡವಟ್ಟಾಗುವುದು ಇಲ್ಲಿಯೇ. ಗ್ರೀಕರ ಜ್ಯೂಸ್ ಹೇಗಿದ್ದರೂ ಇಂದು ಹೆಚ್ಚಿನವರು ಕೇಳುವುದಿಲ್ಲ. ಕಾಳಿಯ ಗುಡಿಯಲ್ಲಿ ಇಂದು ಬೆಳಿಗ್ಗೆಯೂ ಪೂಜೆಯಾಗಿದೆ. 2012ರಲ್ಲಿ ‘ಸ್ಮೈಟ್’ ಎಂಬ ಅಮೆರಿಕನ್ ಆಟದಲ್ಲಿ ಕಾಳಿಯನ್ನು ಚಿತ್ರಿಸಿದ ರೀತಿಗೆ ಹಿಂದೂ ಸಂಘಟನೆಯೊಂದು ಆಕ್ಷೇಪ ಎತ್ತಿತ್ತು. ಆ ಆಕ್ಷೇಪದಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. ಹಾಗೆಂದು ಆಟವೇ ಬೇಡವೆನ್ನುವುದು ಮುಮ್ಮಡಿಯವರಿಗೂ ತಮ್ಮಣ್ಣನಿಗೂ ಒಪ್ಪುವ ಮಾತಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ದುರ್ಗೆ, ವಿಷ್ಣುವಿನ ಕೃಪೆಯನ್ನು ಒಬ್ಬ ಹುಡುಗಿಯ ಕಥೆಗೆ ಹೊಂದಿಸಿ ಲೋಕದ ಗಮನ ಸೆಳೆಯಿತು. ಆ ಕೆಲಸ ಹುಬ್ಬಳ್ಳಿ-ಧಾರವಾಡದಲ್ಲೂ ಆಗಬಲ್ಲದು.

ಅದಕ್ಕೆ ಬೇಕಾದ ಗುರುಗಳು ಇನ್ನೂ ಇದ್ದಾರೆ, ಆದರೆ ವಯಸ್ಸಾಗಿದೆ. ದೊಡ್ಡಾಟದಂಥ ಬಯಲಾಟಗಳ ಕಸುವನ್ನು ಓದುಬಲ್ಲವರಿಗೆ ತೋರಿಸಿಕೊಟ್ಟವರು ಘೋಡಗೇರಿಯ ಚಂದ್ರಶೇಖರ ಕಂಬಾರರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದ ಅವರು ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಆ ರೂಪವನ್ನೇ ದುಡಿಸಿಕೊಂಡರು. ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಟಿ.ಬಿ. ಸೊಲಬಕ್ಕನವರು ದೊಡ್ಡಾಟವನ್ನು ಇಂದಿನ ರಂಗಕ್ಕೆ ಒಗ್ಗಿಸಲು ದುಡಿದರು, 2020ರಲ್ಲಿ ತೀರಿಕೊಂಡರು. ಅದೇ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ. ಊರ ಮಾಸ್ತರರ ಮನೆಯಲ್ಲಿ ಕೈಬರಹದ ಆಟದ ಪುಸ್ತಕಗಳಿವೆ. ಕಂದ, ದ್ವಿಪದಿ, ವಚನ ತುಂಬಿದ ಆ ಹಾಳೆಗಳು ಗೆದ್ದಲಿಗೆ ಸಿಗುವ ಮುನ್ನ ಯಾರಾದರೂ ಓದಬೇಕು.

ದೇವರನ್ನಿಟ್ಟು ಆಟ ಕಟ್ಟಬೇಕೆಂದಿರುವ ತರುಣರೇ, ವಿದೇಶಿ ನಿಯಮಪುಸ್ತಕ ಬಿಚ್ಚುವ ಮುನ್ನ ಮುಂದಿನ ಸುಗ್ಗಿಯಲ್ಲಿ ಒಂದು ರಾತ್ರಿ ಅಟ್ಟದ ಮುಂದೆ ಕೂಡ್ರಿ. ಮರುದಿನ ಮಾಸ್ತರರ ಮನೆಗೆ ಹೋಗಿ, ಕೇಳಿ ಬರೆದುಕೊಳ್ಳಿ. ನಿಮ್ಮ ಆಟ ಹೊರಬಂದಾಗ ಅವರ ಹೆಸರನ್ನು ಹಾಕಿ, ಅವರ ವಿದ್ಯೆಗೆ ತಕ್ಕ ಸಂಭಾವನೆಯನ್ನೂ ಕೊಡಿ.