ಮನೆಯ ದುರಸ್ತಿ, ಮೈಯ ರಕ್ಷಣೆ

ತನ್ನ ಮನೆಯ ಕೆಲಸವನ್ನು ತಾನೇ ಮಾಡಿಕೊಳ್ಳುವುದು ಉತ್ತಮವಾದ ಅಭ್ಯಾಸ. ಹಬ್ಬಕ್ಕೆ ಮುನ್ನ ಗೋಡೆಗೆ ಸುಣ್ಣ ಬಳಿಯುವುದು, ಸೋರುವ ನಲ್ಲಿಯನ್ನು ಸರಿಪಡಿಸುವುದು, ಕೆಟ್ಟ ದೀಪವನ್ನು ಬದಲಿಸುವುದು, ನೀರಿನ ತೊಟ್ಟಿಯನ್ನು ತೊಳೆಯುವುದು ಮೊದಲಾದ ಕೆಲಸಗಳಿಂದ ಹಣ ಉಳಿಯುತ್ತದೆ. ದೇಹಕ್ಕೆ ಚಟುವಟಿಕೆ ದೊರೆಯುತ್ತದೆ. ಮಕ್ಕಳಲ್ಲಿ ದುಡಿಮೆಯ ಬಗ್ಗೆ ಗೌರವ ಮೂಡುತ್ತದೆ. ಆದರೆ ದಿನವೂ ಇದೇ ಕೆಲಸ ಮಾಡುವವರಿಗೆ ಅನುಭವದಿಂದ ಬಂದ ಎಚ್ಚರ ನಮಗಿರುವುದಿಲ್ಲ. “ಐದು ನಿಮಿಷದ ಕೆಲಸವಲ್ಲವೇ” ಎಂದುಕೊಂಡು ಕೈಹಾಕುತ್ತೇವೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಕೆಲಸ ಚಿಕ್ಕದೆಂದ ಮಾತ್ರಕ್ಕೆ ಅಪಾಯ ಚಿಕ್ಕದಾಗುವುದಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗದ ಉಲ್ಲಾಳ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ಕೆಂಗೇರಿ ಉಪನಗರಗಳಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಎರಡು ಮೂರು ಅಂತಸ್ತಿನ ಮನೆಗಳೇ ಹೆಚ್ಚು. ನೆಲದಡಿಯಲ್ಲಿ ಸಂಪು, ತಾರಸಿಯ ಮೇಲೆ ನೀರಿನ ಟ್ಯಾಂಕು, ಒಳಗೆ ಯು.ಪಿ.ಎಸ್. ಇರುವ ಇಂತಹ ಮನೆಗಳಲ್ಲಿ ಎಚ್ಚರ ವಹಿಸಬೇಕಾದ ಮುಖ್ಯ ಸಂಗತಿಗಳು ನಾಲ್ಕು.

ಏಣಿ

ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವ ಪದ್ಧತಿಯನ್ನು ಕೈಬಿಡಬೇಕು. ಗೋಡೆಗೆ ಒರಗಿಸುವ ಏಣಿಗೆ ನಾಲ್ಕಕ್ಕೆ ಒಂದರ ಲೆಕ್ಕವಿದೆ: ಅದು 12 ಅಡಿ ಎತ್ತರದಲ್ಲಿ ಒರಗಿದರೆ ಬುಡವು ಗೋಡೆಯಿಂದ 3 ಅಡಿ ದೂರದಲ್ಲಿರಬೇಕು. ತಾರಸಿಗೆ ಹತ್ತುವುದಾದರೆ ಏಣಿಯ ತುದಿ ಅಂಚಿಗಿಂತ 3 ಅಡಿ ಮೇಲಿರಬೇಕು. ಬುಡವನ್ನು ಒಬ್ಬರು ಹಿಡಿದಿರಬೇಕು. ಬೀದಿಯ ವಿದ್ಯುತ್ ತಂತಿಗಳು ಮನೆಗೆ ಹತ್ತಿರ ಹಾದುಹೋಗಿರುವ ಕಡೆ ಅಲ್ಯೂಮಿನಿಯಂ ಏಣಿಯನ್ನಾಗಲಿ ಕಬ್ಬಿಣದ ಕೋಲನ್ನಾಗಲಿ ಎತ್ತಲೇಕೂಡದು.

ತಲೆಸುತ್ತು ಇರುವವರು, ರಕ್ತದೊತ್ತಡ ಅಥವಾ ಮಧುಮೇಹಕ್ಕೆ ಔಷಧಿ ಸೇವಿಸುತ್ತಿರುವ ಹಿರಿಯರು ಏಣಿಯಿಂದ ದೂರವಿರುವುದೇ ಲೇಸು. ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಅದೇ ದಿನ ವೈದ್ಯರನ್ನು ಕಾಣಬೇಕು. ಮಿದುಳಿನೊಳಗಿನ ರಕ್ತಸ್ರಾವ ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ವಿದ್ಯುತ್ತು

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್ತು. 9 ವ್ಯಾಟಿನ ಒಂದು ಎಲ್.ಇ.ಡಿ. ದೀಪ ಸುಮಾರು 40 ಮಿಲಿ ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅಷ್ಟೇ ಪ್ರವಾಹವು ಎದೆಯ ಮೂಲಕ ಹಾದರೆ ಉಸಿರಾಟದ ಸ್ನಾಯುಗಳು ಬಿಗಿದು, ಹೃದಯದ ಬಡಿತವೇ ಕೆಡಬಹುದು. ದೀಪದ ಸ್ವಿಚ್ಚನ್ನು ಮಾತ್ರ ಆರಿಸಿದರೆ ಸಾಲದು. ಸ್ವಿಚ್ಚಿನ ತಂತಿ ತಪ್ಪಾಗಿ ಜೋಡಣೆಯಾಗಿದ್ದರೆ ಹೋಲ್ಡರಿನಲ್ಲಿ ವಿದ್ಯುತ್ತು ಉಳಿದೇ ಇರುತ್ತದೆ. ಆದ್ದರಿಂದ ಮೇನ್ ಸ್ವಿಚ್ಚನ್ನೇ ಆರಿಸಬೇಕು. ಯು.ಪಿ.ಎಸ್. ಇರುವ ಮನೆಗಳಲ್ಲಿ ಅದನ್ನೂ ಆರಿಸಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಆ ಮೇಲೆಯೂ ಟೆಸ್ಟರಿನಿಂದ ಪರೀಕ್ಷಿಸಿಯೇ ತಂತಿಯನ್ನು ಮುಟ್ಟಬೇಕು.

ಎಂ.ಸಿ.ಬಿ. ಕಾಯುವುದು ತಂತಿಗಳನ್ನು. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಅದು ಮನೆಯಲ್ಲಿ ಇಲ್ಲದಿದ್ದರೆ ಮೊದಲು ಹಾಕಿಸಬೇಕು; ಇದ್ದರೆ ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಯಾರಿಗಾದರೂ ವಿದ್ಯುತ್ ಆಘಾತವಾದಾಗ ಅವರನ್ನು ಮುಟ್ಟುವ ಮೊದಲು ಮೇನ್ ಆರಿಸಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಬಲವಾಗಿ, ವೇಗವಾಗಿ ಒತ್ತುತ್ತಿರಬೇಕು. ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು. ಬೀದಿಯ ತಂತಿ ಹರಿದಿದ್ದರೆ ಬೆಸ್ಕಾಂ ಸಹಾಯವಾಣಿ 1912.

ಸುಣ್ಣ ಮತ್ತು ಆಸಿಡ್

ಸುಣ್ಣವಾಗಲಿ ಸಿಮೆಂಟಾಗಲಿ ಕಣ್ಣಿಗೆ ಬಿದ್ದರೆ ಕ್ಷಾರವು ಒಳಗೊಳಗೇ ಸುಡುತ್ತಾ ಹೋಗುತ್ತದೆ. ಎಣ್ಣೆ, ಹಾಲು ಮೊದಲಾದವುಗಳನ್ನು ಹಾಕದೆ, ಕಣ್ಣನ್ನು ಬಿಡಿಸಿ ಹಿಡಿದು ಶುದ್ಧ ನೀರಿನಿಂದ ಕನಿಷ್ಠ 20 ನಿಮಿಷ ತೊಳೆದು, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ರಕ್ಷಣಾ ಕನ್ನಡಕವನ್ನು ಮೊದಲೇ ಧರಿಸಿದ್ದರೆ ಈ ಕಷ್ಟವೇ ಇಲ್ಲ. ಬ್ಲೀಚಿಂಗ್ ಪುಡಿಯನ್ನೂ ಶೌಚಾಲಯ ತೊಳೆಯುವ ಆಸಿಡ್ಡನ್ನೂ ಎಂದಿಗೂ ಬೆರೆಸಕೂಡದು; ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಸಂಪು

ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ಸಂಪು. ಹೊರಗಿನ ಗಾಳಿಯಲ್ಲಿ ಸುಮಾರು ಶೇ. 21ರಷ್ಟು ಆಮ್ಲಜನಕವಿರುತ್ತದೆ. ಬಹುಕಾಲ ಮುಚ್ಚಿದ್ದ ಸಂಪಿನಲ್ಲಿ ಕೊಳೆಯುವ ಕೆಸರು ಈ ಆಮ್ಲಜನಕವನ್ನು ಕುಗ್ಗಿಸುತ್ತದೆ. ಪ್ರಮಾಣ ಶೇ. 10ಕ್ಕಿಂತ ಕೆಳಗಿಳಿದರೆ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ. ಆಮ್ಲಜನಕದ ಕೊರತೆಗೆ ವಾಸನೆಯಿಲ್ಲ. ಕೂಗಲು ಕೂಡ ಸಮಯ ಸಿಗುವುದಿಲ್ಲ. ಒಳಗೆ ಬಿದ್ದವರನ್ನು ಎತ್ತಲು ಧುಮುಕಿದವರೂ ಅಲ್ಲಿಯೇ ಕುಸಿಯುತ್ತಾರೆ. ಅಂತಹ ವೇಳೆಯಲ್ಲಿ ಇಳಿಯದೆ, 112ಕ್ಕೆ ಕರೆ ಮಾಡಿ, ಹೊರಗಿನಿಂದ ಗಾಳಿ ಹಾಯಿಸುವುದೇ ನಿಜವಾದ ನೆರವು.

ಸಂಪನ್ನು ಸ್ವತಃ ತೊಳೆಯುವುದಾದರೆ ಮೋಟಾರಿನ ವಿದ್ಯುತ್ ಸಂಪರ್ಕ ತಪ್ಪಿಸಿ, ಉದ್ದನೆಯ ಕುಂಚದಿಂದ ಮೇಲಿನಿಂದಲೇ ಉಜ್ಜಬೇಕು. ಒಳಗೆ ಇಳಿಯಲೇಬೇಕಾದ ಕೆಲಸವನ್ನು ಗಾಳಿಯನ್ನು ಅಳೆಯುವ ಉಪಕರಣ, ಸೊಂಟಕ್ಕೆ ಹಗ್ಗ, ಮೇಲೆ ಕಾವಲು ಇರುವ ತರಬೇತಾದವರಿಗೆ ಬಿಡಬೇಕು.

ಕೆಲವು ಕೆಲಸಗಳನ್ನು ಮಾಡದೆ ಬಿಡುವುದೂ ಮನೆಯ ಯಜಮಾನನ ವಿವೇಕವೇ. ಆದರೆ ನಮಗೆ ಅಪಾಯವೆಂದು ಬಿಟ್ಟ ಕೆಲಸಕ್ಕೆ ಮುನ್ನೂರು ನಾನೂರು ರೂಪಾಯಿ ಕೂಲಿ ಕೊಟ್ಟು ಬರಿಮೈಯಲ್ಲಿ ಇನ್ನೊಬ್ಬನನ್ನು ಇಳಿಸಿದರೆ ಅಪಾಯ ಕಡಿಮೆಯಾಗುವುದಿಲ್ಲ. ಅದು ಅವನ ಮನೆಗೆ ಹೋಗುತ್ತದೆ, ಅಷ್ಟೆ. ಅವನಿಗಾಗಿ ಕಾಯುವ ಮಡದಿ ಮಕ್ಕಳೂ ಇದ್ದಾರೆಂಬುದನ್ನು ನೆನೆದು, ನಮ್ಮ ಮೈಗೆ ಬಯಸುವ ರಕ್ಷಣೆಯನ್ನೇ ಅವನಿಗೂ ಒದಗಿಸಬೇಕು.