ಒಂದೇ ಪಿಯುಸಿ, ಎರಡು ಸಮವಸ್ತ್ರ

ಠಾಣಾ ಕುಶನೂರಿನ ಕಡೆ ಪಿಯುಸಿ ವಿಜ್ಞಾನ ಓದುವ ಮಕ್ಕಳ ಮನೆಯಲ್ಲಿ ನರ್ಸಿಂಗ್ ಎಂದರೆ ಬೀದರ್ ಇಲ್ಲವೆ ಕಲಬುರಗಿಯ ಕಾಲೇಜು. ಮಿಲಿಟರಿ ಎಂದರೆ ಓಟ, ಎತ್ತರ, ಎದೆಯಳತೆ. ಇವೆರಡೂ ಕೂಡುವ ದಾರಿಗಳೂ ಇವೆ, ಅವು ಎರಡು. ಎರಡಕ್ಕೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಶೇ 50 ಅಂಕವಾದರೂ ಪಡೆದಿರಬೇಕು. ಹೊರಡುವ ಜಾಗ ಒಂದೇ ಆದರೂ ಒಂದು ದಾರಿ ಅಧಿಕಾರಿಯ ಹುದ್ದೆಗೆ ಹೋಗುತ್ತದೆ, ಇನ್ನೊಂದು ಸಿಪಾಯಿಯ ಹುದ್ದೆಗೆ.

ಮೊದಲನೆಯದು ಮಿಲಿಟರಿ ನರ್ಸಿಂಗ್ ಸರ್ವಿಸ್. 1888ರಲ್ಲಿ ಮುಂಬೈಗೆ ಬಂದಿಳಿದ ಹತ್ತು ಮಂದಿ ಬ್ರಿಟಿಷ್ ನರ್ಸ್‌ಗಳಿಂದ ಇದರ ಕಥೆ ಶುರುವಾಗುತ್ತದೆ. ಇದು ಇಂದಿಗೂ ಹೆಣ್ಣುಮಕ್ಕಳ ಪಡೆ. ನೀಟ್ ಬರೆದು ಆಯ್ಕೆಯಾದವರು ಪುಣೆ, ಮುಂಬೈ, ದೆಹಲಿ, ಲಖನೌ, ಕೋಲ್ಕತ್ತ ಅಥವಾ ಬೆಂಗಳೂರಿನ ಸೇನಾ ನರ್ಸಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದುತ್ತಾರೆ. ಆರೂ ಕಡೆ ಸೇರಿ ಸೀಟು 220. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯ ಪಾಲು 40. ಓದು ಮುಗಿಸಿದವರು ಲೆಫ್ಟಿನೆಂಟ್ ಆಗಿ ಸೇವೆಗೆ ಸೇರುತ್ತಾರೆ. ಈ ಪಡೆಯಲ್ಲಿ ಮೇಜರ್ ಜನರಲ್‌ವರೆಗೂ ಏರಬಹುದು.

ಎರಡನೆಯದು ಸೇನೆಯ ನರ್ಸಿಂಗ್ ಅಸಿಸ್ಟಂಟ್. ಇದು ಗಂಡುಮಕ್ಕಳಿಗೆ ಮಾತ್ರ. ಮೊದಲು ಆನ್‌ಲೈನ್ ಪ್ರವೇಶ ಪರೀಕ್ಷೆ, ಆಮೇಲೆ ಭರ್ತಿ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ, ಒಂಬತ್ತಡಿ ಹಳ್ಳದ ಜಿಗಿತ, ವೈದ್ಯಕೀಯ ತಪಾಸಣೆ. ಬೀದರ್ ಜಿಲ್ಲೆಯವರಿಗೆ ಬೆಳಗಾವಿಯ ಸೇನಾ ಭರ್ತಿ ಕಚೇರಿಯೇ ಬಾಗಿಲು. ಆಯ್ಕೆಯಾದವನಿಗೆ ಬಂದೂಕಿನ ತರಬೇತಿಯೂ ಉಂಟು, ಬ್ಯಾಂಡೇಜಿನ ತರಬೇತಿಯೂ ಉಂಟು. ಸೇನಾ ವೈದ್ಯಕೀಯ ದಳದ ತರಬೇತಿ ಕೇಂದ್ರ ಇರುವುದು ಲಖನೌದಲ್ಲಿ.

ಕೆಲಸದ ಜಾಗದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಗಡಿಯಲ್ಲಿ ಒಬ್ಬ ಜವಾನನ ತೊಡೆಗೆ ಗುಂಡು ತಗುಲಿದೆ ಎಂದುಕೊಳ್ಳಿ. ಅವನ ಬಳಿ ಓಡುವ ನರ್ಸಿಂಗ್ ಅಸಿಸ್ಟಂಟ್ ಬಿಪಿ ನೋಡುತ್ತ ಕೂರುವುದಿಲ್ಲ. ಗಾಯದ ಮೇಲ್ಭಾಗಕ್ಕೆ ಟೂರ್ನಿಕೆ ಪಟ್ಟಿ ಸುತ್ತಿ, ಅದರ ಕಡ್ಡಿಯನ್ನು ರಕ್ತ ನಿಲ್ಲುವ ತನಕ ತಿರುಗಿಸುತ್ತಾನೆ. ಗಾಯಾಳು ನೋವಿಗೆ ಚೀರಿದರೂ ಸಡಿಲ ಬಿಡುವಂತಿಲ್ಲ. ಕಟ್ಟಿದ ಹೊತ್ತನ್ನು ಬರೆದಿಡುತ್ತಾನೆ, ಏಕೆಂದರೆ ರಕ್ತ ಹರಿಯದ ಕಾಲು ಎಷ್ಟು ಹೊತ್ತಿನಿಂದ ಹಾಗಿದೆ ಎಂಬುದು ಮುಂದಿನ ವೈದ್ಯನಿಗೆ ತಿಳಿಯಬೇಕು. ಆಮೇಲೆ ಉಸಿರಾಟ ನೋಡಿ, ಮೈ ತಣ್ಣಗಾಗದಂತೆ ಹೊದಿಸಿ, ಬಟಾಲಿಯನ್ನಿನ ವೈದ್ಯಾಧಿಕಾರಿ ಇರುವ ಏಡ್ ಪೋಸ್ಟಿಗೆ ಸಾಗಿಸುವುದು. ಅಲ್ಲಿಂದ ಹಿಂದೆ ಹಿಂದೆ ಸರಿದು ಗಾಯಾಳು ದೊಡ್ಡ ಆಸ್ಪತ್ರೆ ಸೇರಿದಾಗ ಲೆಫ್ಟಿನೆಂಟ್ ಸಿಸ್ಟರ್ ಅವನನ್ನು ವಹಿಸಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯ ತಯಾರಿ, ವೆಂಟಿಲೇಟರ್, ಗಂಟೆಗಂಟೆಯ ಚಾರ್ಟ್, ಸೋಂಕಿನ ಮೇಲೆ ಕಣ್ಣು, ವಾರಗಟ್ಟಲೆಯ ಆರೈಕೆ ಅವರ ಪಾಲಿನದು. ಒಬ್ಬರ ಕೆಲಸ ನಿಮಿಷಗಳದ್ದು, ಇನ್ನೊಬ್ಬರದು ವಾರಗಳದ್ದು.

ಮುಂಚೂಣಿಯ ಈ ಕೆಲಸ ಎಂಥದ್ದೆಂದು ದೇಶಕ್ಕೆ ತೋರಿಸಿದವರು ನಾಯಕ್ ದೀಪಕ್ ಸಿಂಗ್. ಮಧ್ಯಪ್ರದೇಶದ ರೀವಾ ಕಡೆಯ ಅವರು 16ನೇ ಬಿಹಾರ ಬಟಾಲಿಯನ್ನಿನಲ್ಲಿ ನರ್ಸಿಂಗ್ ಅಸಿಸ್ಟಂಟ್ ಆಗಿದ್ದರು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರ ಜತೆ ಘರ್ಷಣೆ ನಡೆದಾಗ, ಕಲ್ಲೇಟಿನಿಂದ ತಾವೇ ಗಾಯಗೊಂಡಿದ್ದರೂ 30ಕ್ಕೂ ಹೆಚ್ಚು ಸಹಚರರಿಗೆ ಚಿಕಿತ್ಸೆ ಕೊಟ್ಟು ಪ್ರಾಣ ಬಿಟ್ಟರು. ಮರಣೋತ್ತರವಾಗಿ ವೀರ ಚಕ್ರ ಸಂದಿತು. ಪತ್ನಿ ರೇಖಾ ಸಿಂಗ್ 2023ರಲ್ಲಿ ಸೇನಾಧಿಕಾರಿಯಾದರು.

ಆಸ್ಪತ್ರೆಯ ದಾರಿಯಲ್ಲಿ ಅಪಾಯ ಕಡಿಮೆ ಇರಬಹುದು, ಆದರೆ ಅಲ್ಲಿಯ ಹೋರಾಟವೇ ಬೇರೆ. ಸೆಲಿನಾ ಜಾನ್ ಎಂಬ ಮಿಲಿಟರಿ ನರ್ಸಿಂಗ್ ಅಧಿಕಾರಿಯನ್ನು 1988ರಲ್ಲಿ ಮದುವೆಯಾದ ಕಾರಣಕ್ಕೆ ಸೇವೆಯಿಂದ ಕಳಿಸಲಾಯಿತು. ಅಂಥದ್ದೊಂದು ನಿಯಮ 1977ರಿಂದ ಜಾರಿಯಲ್ಲಿತ್ತು; 1995ರಲ್ಲಿ ಅದನ್ನು ಹಿಂಪಡೆದರು. ನಿಯಮವೇ ಮನಬಂದಂತೆ ಮಾಡಿದ್ದೆಂದು ಹೇಳಿದ ಸುಪ್ರೀಂ ಕೋರ್ಟ್, 2024ರ ಫೆಬ್ರುವರಿಯಲ್ಲಿ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಅಮೆರಿಕದ ಸೇನೆಯಲ್ಲಿ ಈ ಎರಡು ಕೆಲಸಗಳ ನಡುವೆ ಇಷ್ಟು ಎತ್ತರದ ಗೋಡೆ ಇಲ್ಲ. ಅಲ್ಲಿ ಯುದ್ಧಭೂಮಿಯ ಮೆಡಿಕ್ ಕೂಡ, ಪ್ರಾಕ್ಟಿಕಲ್ ನರ್ಸ್ ಕೂಡ ಸಾಮಾನ್ಯ ಸೈನಿಕರ ಸಾಲಿನವರೇ. ಹೆಣ್ಣು ಗಂಡು ಇಬ್ಬರಿಗೂ ಎರಡೂ ಮುಕ್ತ. ಮೆಡಿಕ್‌ಗೆ ಸುಮಾರು ನಾಲ್ಕು ತಿಂಗಳ ತರಬೇತಿ, ನರ್ಸ್‌ಗೆ ಸುಮಾರು ಒಂದು ವರ್ಷ. ನರ್ಸ್ ಆದವರು ನಾಗರಿಕ ಆಸ್ಪತ್ರೆಯಲ್ಲೂ ನಡೆಯುವ ಲೈಸೆನ್ಸ್ ಪಡೆಯುತ್ತಾರೆ. ನಮ್ಮಲ್ಲಿ ಅದೇ ಆಯ್ಕೆ ಅಧಿಕಾರಿಯೋ ಸಿಪಾಯಿಯೋ, ಹೆಣ್ಣೋ ಗಂಡೋ ಎಂಬುದರ ಮೇಲೆ ಮೊದಲೇ ತೀರ್ಮಾನವಾಗಿರುತ್ತದೆ.

ಸಂಬಳದ ಅಂತರವೂ ಸಣ್ಣದಲ್ಲ. ಏಳನೇ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್‌ನ ಮೂಲ ವೇತನ 56,100 ರೂಪಾಯಿಯಿಂದ, ಸಿಪಾಯಿಯದು 21,700 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ. ಸೇವೆ ಬಿಟ್ಟ ಮೇಲಿನ ಲೆಕ್ಕವನ್ನೂ ಈಗಲೇ ಹಾಕಬೇಕು. ಬಿಎಸ್ಸಿ ಪದವಿ ಇದ್ದವರಿಗೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯ ದಾರಿ ಸಲೀಸು. ನರ್ಸಿಂಗ್ ಅಸಿಸ್ಟಂಟ್ ಆಗಿ ದುಡಿದು ಬಂದವರ ಕೈಯಲ್ಲಿ ಆ ಪದವಿ ಇರುವುದಿಲ್ಲ. 15 ವರ್ಷ ತುಂಬಿಸಿದ್ದರೆ ಪಿಂಚಣಿ ಇರುತ್ತದೆ.

ಔರಾದ್, ಕಮಲನಗರ ಕಡೆಯ ಪೋಷಕರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟಿರುವ ಮೀಸಲಾತಿ ರಾಜ್ಯದ ಸೀಟು, ರಾಜ್ಯದ ನೌಕರಿಗಳಿಗೆ. ಸೇನೆಯ 220 ಸೀಟುಗಳಿಗೆ ಅದು ಅನ್ವಯಿಸದು. ಅಲ್ಲಿ ದೇಶದ ಎಲ್ಲರೊಂದಿಗೂ ಪೈಪೋಟಿ. ಹಾಗಾಗಿ ರಾಜ್ಯದ ಸಿಇಟಿ ಒಂದನ್ನೇ ನಂಬಿ ನೀಟ್ ಬರೆಯದೆ ಬಿಟ್ಟ ಹುಡುಗಿಗೆ ಆ ವರ್ಷ ಈ ದಾರಿ ಮುಚ್ಚಿದಂತೆ. ಹುಡುಗರಿಗೆ ಬಾಗಿಲು 23ನೇ ವಯಸ್ಸಿನವರೆಗೆ ತೆರೆದಿದ್ದರೂ, ಪಿಯುಸಿಯಲ್ಲಿ ಪ್ರತಿ ವಿಷಯದಲ್ಲೂ ಶೇ 40 ಬೇಕು. ಒಟ್ಟು ಅಂಕ ಸಾಕಷ್ಟಿದ್ದು ಒಂದೇ ವಿಷಯದಲ್ಲಿ 38 ಬಂದವನ ಅರ್ಜಿ ಓಟದ ಮೈದಾನದವರೆಗೂ ಹೋಗುವುದಿಲ್ಲ.